ವರ್ಷ ಹೊಂದಿದರೂ ಚೈನು ಆ ವಾಚಿನದಲ್ಲ

ನಾನು ಕೆಲಸ ಮಾಡುವ ಲಂಡನ್ನಿನ ಹಳೆಯ ವಾಚುಗಳ ಅಂಗಡಿಗೆ ಕಳೆದ ಚಳಿಗಾಲದಲ್ಲಿ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 145.012 ಮಾದರಿಯ ವಾಚು ಮಾರಾಟಕ್ಕೆ ಬಂದಿತ್ತು. ಒಳಗೆ 321 ಕ್ಯಾಲಿಬರ್ ಎಂಬ ಯಂತ್ರ, ಕೈಗೆ 1039 ನಂಬರಿನ ಫ್ಲಾಟ್ ಲಿಂಕ್ (ಚಪ್ಪಟೆ ಕೊಂಡಿಗಳ) ಚೈನು, ಅದರ ತುದಿಗಳಲ್ಲಿ ಚೈನನ್ನು ಕೇಸಿಗೆ ಕೂಡಿಸುವ 516 ನಂಬರಿನ ಎಂಡ್ ಲಿಂಕ್. ಚೈನನ್ನು ಮುಚ್ಚುವ ಕ್ಲಾಸ್ಪಿನ ಒಳಮೈಯಲ್ಲಿದ್ದ ಮುದ್ರೆ 1968ರ ಎರಡನೆಯ ತ್ರೈಮಾಸಿಕದ್ದು. ಕಂಪನಿ ತನ್ನ ಹಳೆಯ ದಾಖಲೆಗಳಿಂದ ತೆಗೆದುಕೊಟ್ಟ ಆರ್ಕೈವ್ಸ್ ಪತ್ರವೂ ವಾಚು 1968ರದೆಂದೇ ಹೇಳುತ್ತಿತ್ತು. ಇಷ್ಟೆಲ್ಲ ಕೂಡಿಬಂದದ್ದರಿಂದ ಮಾರಾಟ ವಿಭಾಗದವರು ‘ಮೂಲ ಚೈನು’ ಎಂದು ವಿವರಣೆ ಬರೆದು, ಸಹಿಗಾಗಿ ನನ್ನ ಬೆಂಚಿಗೆ ಕಳಿಸಿದರು. ಕೊಳ್ಳುವವರು ಆಗಲೇ ಬಂದು ಮೇಲಿನ ಕೋಣೆಯಲ್ಲಿ ಕುಳಿತಿದ್ದರು.

516 ತೆಳುವಾದ ತಗಡನ್ನು ಮಡಿಸಿ ಮಾಡಿದ ಎಂಡ್ ಲಿಂಕ್. ಅದು ಹಲವು ವರ್ಷ ಕೇಸಿನಲ್ಲಿ ಕೂತಿದ್ದರೆ, ಕೈಯ ಪ್ರತಿ ಅಲುಗಾಟಕ್ಕೂ ಅದರ ಅಂಚು ಲಗ್ಗುಗಳ, ಅಂದರೆ ಚೈನು ಸಿಕ್ಕಿಸಲು ಕೇಸಿನಿಂದ ಚಾಚಿರುವ ಕೊಂಬುಗಳ, ಒಳಮೈಯನ್ನು ಉಜ್ಜಿ ಅಲ್ಲಿ ಗೆರೆ ಬೀಳಿಸುತ್ತದೆ. ಚೈನನ್ನು ಲಗ್ಗಿಗೆ ಹಿಡಿದಿಡುವ ಸ್ಪ್ರಿಂಗ್ ಬಾರ್ ಬಿಚ್ಚಿ, ಕಣ್ಣಿಗೆ ಐ ಗ್ಲಾಸ್ (ಭೂತಗನ್ನಡಿ) ಹಾಕಿ ನೋಡಿದರೆ ನಾಲ್ಕು ಲಗ್ಗುಗಳಲ್ಲಿ ಎಲ್ಲಿಯೂ ಆ ಗೆರೆಯಿರಲಿಲ್ಲ; ಬೆಲ್ಟ್ ಬದಲಿಸುವಾಗ ಉಪಕರಣ ಜಾರಿ ಬಾರಿನ ತೂತುಗಳ ಸುತ್ತ ಆದ ಗೀರುಗಳಷ್ಟೇ ಇದ್ದವು. ಚೈನಾದರೋ ಬಹಳ ಸವೆದಿತ್ತು. ಅದರ ಹಿಗ್ಗುವ ಕೊಂಡಿಗಳ ಸ್ಪ್ರಿಂಗುಗಳು ಸೋತು, ಎಳೆದರೆ ಹಿಂದಕ್ಕೆ ಬರುತ್ತಿರಲಿಲ್ಲ. ಬಹುಕಾಲ ಚರ್ಮದ ಬೆಲ್ಟಿನಲ್ಲಿದ್ದ ವಾಚಿಗೆ, ಇನ್ನಾವುದೋ ವಾಚಿನಲ್ಲಿ ಸವೆದ ಚೈನನ್ನು ಯಾರೋ ತಿಳಿದವರೇ ಹುಡುಕಿ ಜೋಡಿಸಿದ್ದಾರೆ ಎಂಬುದು ನನಗೆ ಖಚಿತವಾಯಿತು.

ಮ್ಯಾನೇಜರು ಬೆಂಚಿನ ಪಕ್ಕದಲ್ಲೇ ನಿಂತು, ನಂಬರು ಸರಿಯಿದೆ, ವರ್ಷ ಸರಿಯಿದೆ, ಇನ್ನೇನು ಬೇಕು ಎಂದು ಕೇಳಿದರು. ಆ ಜೋಡಣೆಯಲ್ಲಿ ತಪ್ಪೇನೂ ಇಲ್ಲವೆಂದು ನಾನೂ ಒಪ್ಪಿದೆ. ಎಪ್ಪತ್ತರ ದಶಕದ 1171 ಚೈನನ್ನು 633 ಎಂಡ್ ಲಿಂಕಿನೊಡನೆ ಇದೇ 20 ಮಿಲಿಮೀಟರ್ ಅಂತರದ ಲಗ್ಗುಗಳಿಗೆ ಕೂರಿಸಿ ಮಾರುವವರಿದ್ದಾರೆ. ಅದಕ್ಕೆ ಹೋಲಿಸಿದರೆ ಇದು ಶ್ರದ್ಧೆಯ ಕೆಲಸ. ಆದರೆ ‘ಕಾಲಕ್ಕೆ ತಕ್ಕ ಚೈನು’ ಎಂಬುದಕ್ಕೂ ‘ಮೂಲ ಚೈನು’ ಎಂಬುದಕ್ಕೂ ಇರುವ ಅಂತರಕ್ಕೆ ಕೊಳ್ಳುವವರು ದುಡ್ಡು ತೆರುತ್ತಾರೆ. ಆರ್ಕೈವ್ಸ್ ಪತ್ರದಲ್ಲಿ ತಯಾರಿಕೆಯ ದಿನಾಂಕವಿತ್ತು, ರವಾನೆಯಾದ ದೇಶವಿತ್ತು. ಚೈನಿನ ಮಾತೇ ಇರಲಿಲ್ಲ. ವಿವರಣೆ ತಿದ್ದದೆ ಸಹಿ ಹಾಕುವುದಿಲ್ಲವೆಂದೆ.

ತಿದ್ದಿದ ಹಾಳೆಯೊಡನೆ ನಾನೇ ಮೇಲಕ್ಕೆ ಹೋಗಿ, ಐ ಗ್ಲಾಸ್ ಕೊಟ್ಟು ಲಗ್ಗುಗಳನ್ನು ತೋರಿಸಿದೆ. ಕೊಳ್ಳಲು ಬಂದವರು ಬಹಳ ಹೊತ್ತು ನೋಡಿ, ಹಾಳೆಯನ್ನು ಎರಡು ಸಲ ಓದಿ, ವಂದನೆ ಹೇಳಿ ಕೊಳ್ಳದೆ ಹೊರಟುಹೋದರು. ತಿಂಗಳ ಸಭೆಯಲ್ಲಿ ಆ ನಷ್ಟ ನನ್ನ ಹೆಸರಿಗೆ ಬಂತು; ಅದು ಅನ್ಯಾಯವೆಂದೇ ಇಂದಿಗೂ ನನ್ನ ಅನಿಸಿಕೆ.

ನಮ್ಮ ಸ್ಟಾಕ್ ಸಾಫ್ಟ್‌ವೇರಿನಲ್ಲಿ ಚೈನಿಗೆ ‘ಮೂಲ’, ‘ಬದಲಿ’ ಎಂಬ ಎರಡೇ ಆಯ್ಕೆಗಳಿವೆ. ‘ಕಾಲಕ್ಕೆ ತಕ್ಕ’ ಎಂಬ ಮೂರನೆಯದನ್ನು ಸೇರಿಸುವಂತೆ ಬರೆದುಕೊಟ್ಟಿದ್ದೇನೆ. ಅದು ಬರುವವರೆಗೆ ಕ್ಲಾಸ್ಪಿನ ಮುದ್ರೆ, ಎಂಡ್ ಲಿಂಕಿನ ನಂಬರು, ಲಗ್ಗಿನ ಒಳಮೈಯ ಸ್ಥಿತಿ ಇಷ್ಟನ್ನೂ ಷರಾ ಕಾಲಮ್ಮಿನಲ್ಲಿ ಬರೆದು, ಲಗ್ಗಿನ ಫೋಟೊ ಸೇರಿಸಿಯೇ ವಾಚನ್ನು ಬೆಂಚಿನಿಂದ ಬಿಡುತ್ತೇನೆ.