ಒಡಿಕತ್ತಿಯ ದಿನಚರಿ: ತುಕ್ಕೆಂದು ಉಜ್ಜಿದ್ದು

ಜೂನ್ 15

ಮೈಸೂರಿನ ಹಳೆಸಾಮಾನಿನ ವ್ಯಾಪಾರಿಯೊಬ್ಬರಿಂದ ನಿನ್ನೆ ಒಂದು ಕತ್ತಿ ತಂದೆ. ಗೋಣಿಚೀಲದಲ್ಲಿ ಸುತ್ತಿ ಹಿತ್ತಾಳೆ ಕೊಡಗಳ ಹಿಂದೆ ಇಟ್ಟಿದ್ದರು. ‘ಟಿಪ್ಪು ಕಾಲದ್ದು ಸಾರ್’ ಎಂದರು. ಮೈಸೂರು ಸೀಮೆಯಲ್ಲಿ ತುಕ್ಕು ಹಿಡಿದ ಕಬ್ಬಿಣವೆಲ್ಲ ಟಿಪ್ಪು ಕಾಲದ್ದೇ. ಮುರಿದ ನೇಗಿಲ ಗುಳ ತೋರಿಸಿದರೂ ಶ್ರೀರಂಗಪಟ್ಟಣದ ಕೋಟೆಯ ಮಾತು ಬರುತ್ತದೆ. ನಾನು ಹುಲಿಪಟ್ಟೆಯ ಗುರುತು ಎಲ್ಲಿ ಎಂದು ಕೇಳಲಿಲ್ಲ. ಕೇಳಿದ್ದರೆ ಮುಂದಿನ ವಾರ ಬರುವಷ್ಟರಲ್ಲಿ ಯಾರಾದರೂ ಕೆತ್ತಿ ಇಟ್ಟಿರುತ್ತಿದ್ದರು.

ಅದನ್ನು ಹೊರತೆಗೆದ ಕ್ಷಣವೇ ಏನೆಂದು ಗೊತ್ತಾಯಿತು. ಅಲಗು ಹಿಡಿಯ ಬಳಿ ಸಣ್ಣದು, ಮುಂದೆ ಹೋದಂತೆ ಅಗಲವಾಗುತ್ತಾ ಬಾಗುತ್ತದೆ. ಮಸೆದ ಬಾಯಿ ಇರುವುದು ಬಾಗಿನ ಒಳಮಗ್ಗುಲಿಗೆ, ಕುಡುಗೋಲಿನ ಹಾಗೆ. ಕೈಗೆ ಅಡ್ಡಪಟ್ಟಿಯ ರಕ್ಷಣೆ ಇಲ್ಲ. ಹಿಡಿಯ ತುದಿ ಚಪ್ಪಟೆಯಾಗಿ ಬೀಸಣಿಗೆಯಂತೆ ಅರಳಿದೆ. ಕೊಡಗಿನ ಒಡಿಕತ್ತಿ. ಕೊಡವರು ಯಾರ ವಿರುದ್ಧ ಬಹುಕಾಲ ಹೋರಾಡಿದರೋ ಅವನ ಹೆಸರಿನಲ್ಲಿಯೇ ಅವರ ಕತ್ತಿ ಮಾರಾಟಕ್ಕೆ ಬಂದಿದೆ. ಏನೂ ಹೇಳದೆ 6,500 ರೂಪಾಯಿ ಎಣಿಸಿ ಕೊಟ್ಟೆ.

ಅದರ ಜೊತೆಗೆ ಒಂದು ಪೀಚೆಕತ್ತಿಯನ್ನೂ ತೋರಿಸಿದರು. ಅದು ಚೇಲೆಗೆ, ಅಂದರೆ ಸೊಂಟದ ಕೆಂಪು ರೇಷ್ಮೆಪಟ್ಟಿಗೆ, ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಪುಟ್ಟ ಕತ್ತಿ. ಬೆಳ್ಳಿ ಕಟ್ಟಿದ ಒರೆ ಇತ್ತು, ಆದರೆ ಸರಪಳಿ ಇರಲಿಲ್ಲ. ‘ಹಿಡಿ ಆನೆದಂತ, ಅದಕ್ಕೆ ರೇಟು ಬೇರೆ’ ಎಂದರು. ಜೇಬಿನಿಂದ ಮಸೂರ ತೆಗೆದು ನೋಡಿದೆ. ದಂತವಾಗಿದ್ದರೆ ಅಡ್ಡಕೊಯ್ದ ತುದಿಯಲ್ಲಿ ಜಾಲರಿಯಂತೆ ಒಂದನ್ನೊಂದು ದಾಟುವ ಬಾಗಿದ ಗೆರೆಗಳು ಕಾಣಬೇಕು. ಇಲ್ಲಿ ಕಂಡದ್ದು ಸೂಜಿಮೊನೆಯಲ್ಲಿ ಚುಚ್ಚಿದಂತಹ ಕರಿ ಚುಕ್ಕೆಗಳು, ಉದ್ದಕ್ಕೆ ನೋಡಿದರೆ ಸಣ್ಣ ಗೀರುಗಳು. ಮೂಳೆ. ರಕ್ತನಾಳ ಹಾದುಹೋದ ಸೂಕ್ಷ್ಮ ಕೊಳವೆಗಳಲ್ಲಿ ವರ್ಷಗಟ್ಟಲೆ ಕೊಳೆ ಕೂತು ಹಾಗೆ ಕಾಣುತ್ತದೆ. ವ್ಯಾಪಾರಿಗೆ ಬೇಸರವಾಯಿತು. ದಂತವಾಗಿದ್ದರೆ ಮಾರುವುದೇ ಅಪರಾಧವಾಗುತ್ತಿತ್ತು, ಮೂಳೆಯಾದದ್ದು ಅವರ ಅದೃಷ್ಟ ಎಂದು ಸಮಾಧಾನ ಹೇಳಿದೆ. ಪೀಚೆಕತ್ತಿ ಅಲ್ಲೇ ಉಳಿಯಿತು.

ಜೂನ್ 17

ಅಳತೆ. ಒಟ್ಟು ಉದ್ದ 57 ಸೆಂಟಿಮೀಟರ್, ಅಲಗು 43, ಅತಿ ಅಗಲದ ಕಡೆ 8.6. ಅಡುಗೆಮನೆಯ ತಕ್ಕಡಿಯಲ್ಲಿ ತೂಕ 780 ಗ್ರಾಂ. ಬೆನ್ನು ಹಿಡಿಯ ಬಳಿ 7 ಮಿಲಿಮೀಟರ್ ದಪ್ಪ, ಅಗಲವಾಗುವ ಹೊತ್ತಿಗೆ 3ಕ್ಕೆ ಇಳಿಯುತ್ತದೆ. ಬೆರಳ ಮೇಲೆ ತೂಗಿಸಿದರೆ ಸಮತೋಲ ಹಿಡಿಯಿಂದ ಬಹಳ ಮುಂದೆ ಸಿಗುತ್ತದೆ. ಇದರಿಂದ ತಿವಿಯಲು ಆಗದು. ಎತ್ತಿ ಬಿಟ್ಟರೆ ಉಳಿದ ಕೆಲಸವನ್ನು ತೂಕವೇ ಮಾಡುತ್ತದೆ.

ಮಲಬಾರಿನಲ್ಲಿಯೂ ಇದೇ ಕುಲದ ಕತ್ತಿಗಳಿವೆ. ಇದನ್ನು ಕೊಡಗಿನದೆಂದು ಹೇಳಲು ಹಿಡಿಯ ಆಕಾರ ನನ್ನ ಮೊದಲ ಸಾಕ್ಷಿ. ಎರಡನೆಯದು 1837ರ ಪದಕ. ಆ ವರ್ಷದ ಅಮರ ಸುಳ್ಯ ದಂಗೆಯನ್ನು ಅಡಗಿಸಲು ನೆರವಾದವರಿಗೆ ಕಂಪನಿ ಸರಕಾರ ಚಿನ್ನ, ಬೆಳ್ಳಿಯ ಪದಕ ಹೊಯ್ಯಿಸಿ ಕೊಟ್ಟಿತು. ಅದರ ಮೇಲೆ ಕತ್ತಿ ಎತ್ತಿ ನಿಂತ ಕೊಡವ ಯೋಧನಿದ್ದಾನೆ. ಚಿತ್ರವನ್ನು ದೊಡ್ಡದು ಮಾಡಿ ನನ್ನ ಕತ್ತಿಯ ಪಕ್ಕ ಇಟ್ಟು ನೋಡಿದೆ. ಬಾಗು ಹೊಂದುತ್ತದೆ. ಯಾರ ಪರ ನಿಂತದ್ದಕ್ಕೆ ಸಿಕ್ಕ ಪದಕ ಎಂಬುದು ಬೇರೆ ಚರ್ಚೆ. ನನಗೆ ಬೇಕಿದ್ದದ್ದು ಆ ಬಾಗು ಮಾತ್ರ.

ಜೂನ್ 23

ಶುಚಿ ಮಾಡುವ ಕೆಲಸ ಶುರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಎರಡು ರಾತ್ರಿ ಬಿಟ್ಟಿದ್ದೆ. ಕೆಂಪು ಪುಡಿತುಕ್ಕು ಒರೆಸಿದಾಗಲೇ ಬಂತು. ಆಮೇಲೆ ಅತಿ ನಯದ ಉಕ್ಕಿನ ನಾರು, ಎರಡು ಹನಿ ಎಣ್ಣೆ. ನಮ್ಮ ಹವ್ಯಾಸದ ಮೊದಲ ಪಾಠ ಎಲ್ಲರಿಗೂ ಗೊತ್ತಿರುವುದೇ: ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಅದು ಹೋಗಬೇಕು, ಕಪ್ಪು ಪದರ ಕಬ್ಬಿಣವನ್ನು ಕಾಯುತ್ತದೆ, ಅದು ಉಳಿಯಬೇಕು.

ಪಾಠ ಗೊತ್ತಿದ್ದೂ ಕೆಟ್ಟೆ. ಬಲಮಗ್ಗುಲಿನ ಅಗಲವಾದ ಭಾಗದಲ್ಲಿ ಕಂದುಗಪ್ಪು ಕಲೆಗಳಿದ್ದವು. ಅರ್ಧಚಂದ್ರಾಕಾರ, ಒಂದರ ಮೇಲೊಂದು ಬಿದ್ದಂತೆ. ಕೆಂಪೂ ಅಲ್ಲ, ಸಮನಾದ ಕಪ್ಪೂ ಅಲ್ಲ. ಯಾರೋ ಬಣ್ಣವೋ ಟಾರೋ ಚೆಲ್ಲಿರಬೇಕು ಎಂದುಕೊಂಡು ಭಾನುವಾರದ ಮಧ್ಯಾಹ್ನವಿಡೀ ಉಜ್ಜಿದೆ. ಸಂಜೆಯ ಹೊತ್ತಿಗೆ ಬಲಮಗ್ಗುಲು ಬೂದುಬಣ್ಣಕ್ಕೆ ತಿರುಗಿ ಒಂದೇ ಸಮ ಹೊಳೆಯುತ್ತಿತ್ತು. ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿದೆ. ಅಮೆರಿಕದಲ್ಲಿರುವ ಭಾವ ‘ನನಗೂ ಒಂದು ಕಳಿಸು’ ಎಂದ. ನೂರು ವರ್ಷ ದಾಟಿದ್ದನ್ನು ದೇಶದಾಚೆ ಕಳಿಸಲು 1972ರ ಕಾಯಿದೆ ಬಿಡುವುದಿಲ್ಲ ಎಂದು ಬರೆದೆ. ಭುಜ ನೋಯುತ್ತಿತ್ತು, ಎಡಮಗ್ಗುಲನ್ನು ಮುಂದಿನ ವಾರಕ್ಕೆ ಬಿಟ್ಟೆ.

ಜುಲೈ 20

ಕಚೇರಿಯ ಕೆಲಸದಲ್ಲಿ ಮುಂದಿನ ವಾರವೆಂಬುದು ಬರಲೇ ಇಲ್ಲ. ಇವತ್ತು ಸಿಕ್ಕ ಎರಡು ಗಂಟೆಯಲ್ಲಿ ಬೇರೆಯದೇ ಪರೀಕ್ಷೆ ಮಾಡಿದೆ.

ಹಳೆಯ ಉಕ್ಕು ಕೈಗೆ ಸಿಕ್ಕವರೆಲ್ಲರ ಒಳಗೂ ಒಂದು ಆಸೆ ಇರುತ್ತದೆ: ಇದು ಮೂಸೆಯಲ್ಲಿ ಕರಗಿಸಿದ ಉಕ್ಕಾಗಿರಲಿ, ಅಲಗಿನ ಮೇಲೆ ನೀರಿನ ಅಲೆಯಂತಹ ವಿನ್ಯಾಸ ಏಳಲಿ. ಲೋಕವೆಲ್ಲ ವೂಟ್ಜ್ ಎಂದು ಕರೆಯುವ ಆ ಲೋಹದ ಹೆಸರಿನ ಹಿಂದೆ ನಮ್ಮ ‘ಉಕ್ಕು’ ಪದವೇ ಇದೆ ಎನ್ನುತ್ತಾರೆ. ಆದ್ದರಿಂದ ಕನ್ನಡಿಗರಿಗೆ ಈ ಆಸೆ ಸ್ವಲ್ಪ ಹೆಚ್ಚು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಕೆತ್ತಲು ಮಾರುವ ಫೆರಿಕ್ ಕ್ಲೋರೈಡ್ ತಂದು, ಚೆನ್ನಾಗಿ ತೆಳುಮಾಡಿ, ಈಗಾಗಲೇ ಉಜ್ಜಿ ಕೆಡಿಸಿದ್ದ ಬಲಮಗ್ಗುಲಿನಲ್ಲಿ ಬಾಯಿಯ ಅಂಚಿಗೆ ಮೂರು ಕಡೆ ಬೆರಳಗಲ ಹಚ್ಚಿದೆ.

ಅಲೆ ಏಳಲಿಲ್ಲ. ಮರದ ನಾರಿನಂತೆ ಉದ್ದುದ್ದ ಎಳೆಗಳು ಕಂಡವು. ಕುಲುಮೆಯಲ್ಲಿ ಬಡಿದು ಬಡಿದು ಕಿಟ್ಟ ತೆಗೆದ ಹಳೆಯ ಕಬ್ಬಿಣದ ಲಕ್ಷಣ ಅದು. ಒಂದು ನಿಮಿಷ ಮುಖ ಸಪ್ಪಗಾದದ್ದು ನಿಜ. ಆದರೆ ಬಾಯಿಯ ಅಂಚಿನಿಂದ ಸುಮಾರು 9 ಮಿಲಿಮೀಟರ್ ಒಳಗೆ ಒಂದು ಗೆರೆ ಎದ್ದಿತ್ತು. ಗೆರೆಯ ಆಚೆ ತಿಳಿಬೂದಿ, ಈಚೆ ಕಡುಬೂದಿ. ಮೈಗೆ ಮೆತ್ತನೆಯ ಕಬ್ಬಿಣ, ಬಾಯಿಗೆ ಗಟ್ಟಿ ಉಕ್ಕು, ಎರಡನ್ನೂ ಕೆಂಡದಲ್ಲಿ ಬೆಸೆದಿದ್ದಾನೆ ಕಮ್ಮಾರ. ಮೂರೂ ಕಡೆ ಉಕ್ಕಿನ ಪಟ್ಟಿಯ ಅಗಲ ಹೆಚ್ಚುಕಡಿಮೆ ಒಂದೇ. ದಿನಾ ಕಲ್ಲಿಗೆ ಹಿಡಿದ ಕತ್ತಿಯಲ್ಲಿ ಬಾಯಿಯ ನಡುಭಾಗ ಸವೆದು ತೆಳ್ಳಗಾಗಿರುತ್ತದೆ. ತೋಟದ ಕತ್ತಿಗಳನ್ನು ನೋಡಿದರೆ ಸಾಕು, ಅರ್ಧ ಅಲಗೇ ಇರುವುದಿಲ್ಲ. ಇದು ಹೆಚ್ಚು ಮಸೆಸಿಕೊಂಡ ಕತ್ತಿಯಲ್ಲ.

ಹಾಗಾದರೆ ಗೋಡೆಗೆ ತೂಗುಹಾಕಿದ್ದ ಅಲಂಕಾರವೇ? ಅದೂ ಅಲ್ಲ. ಹಿಡಿಗೆ ಹತ್ತಿರ ಅಲಗಿನ ಎರಡೂ ಮಗ್ಗುಲಲ್ಲಿ ಅಡ್ಡಡ್ಡ ಸಣ್ಣ ಗೀರುಗಳಿವೆ, ಒಂದೇ ಜಾಗದಲ್ಲಿ ನೂರಾರು. ಯಾವುದೋ ಬಿಗಿಯಾದ ಸಂದಿಯೊಳಗೆ ಹೋಗಿ ಬಂದು ಆದದ್ದು. ಒಡಿಕತ್ತಿಗೆ ಒರೆ ಇರುವುದಿಲ್ಲ, ಬೆನ್ನ ಹಿಂದೆ ಸೊಂಟಕ್ಕೆ ಕಟ್ಟುವ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುತ್ತಾರೆ. ನನ್ನದರ ತೊಡಂಗ್ ಯಾವ ಗುಜರಿಗೆ ಹೋಯಿತೋ.

ಆಗಸ್ಟ್ 10

ಹಿಡಿ ಕೊಂಬಿನದು. ಬೀಸಣಿಗೆಯ ಒಂದು ಮೂಲೆ ಒಡೆದಿದೆ, ಮತ್ತು ಸ್ವಲ್ಪ ಅಲುಗಾಡುತ್ತದೆ. ಕೋಣೆ ಕತ್ತಲೆ ಮಾಡಿ, ನೋಟಿನ ಅಸಲಿತನ ನೋಡುವ ನೇರಳೆ ಬೆಳಕಿನ ಟಾರ್ಚ್ ಹಿಡಿದೆ. ಅಲಗು ಹಿಡಿಯನ್ನು ಸೇರುವ ಸಂದಿಯ ಸುತ್ತ ಕಿತ್ತಳೆ ಹೊಳಪು ಬಂತು. ಅದು ಅರಗು, ಹಳೆಯ ಪದ್ಧತಿ. ಒಂದು ಕಡೆ ಮಾತ್ರ ನೀಲಿಬಿಳುಪು ತೇಪೆ. ಇತ್ತೀಚೆಗೆ ಯಾರೋ ಎಪಾಕ್ಸಿ ತುಂಬಿ ‘ರಿಪೇರಿ’ ಮಾಡಿದ್ದಾರೆ. ಬೈಯಲು ಹೊರಟವನು ಜೂನ್ 23ರ ನೆನಪಾಗಿ ಸುಮ್ಮನಾದೆ.

ಸೆಪ್ಟೆಂಬರ್ 4

ನಿನ್ನೆ ಕೈಲ್ ಮುಹೂರ್ತ. ವಿರಾಜಪೇಟೆ ಕಡೆಯ ಗೆಳೆಯನ ಐನ್‌ಮನೆಗೆ, ಅಂದರೆ ಕುಲದ ಮೂಲಮನೆಗೆ, ಕರೆದಿದ್ದರು, ಕತ್ತಿಯನ್ನೂ ಒಯ್ದಿದ್ದೆ. ನಾಟಿ ಮುಗಿದ ಮೇಲೆ ಆಯುಧಗಳಿಗೆ ಪೂಜೆ. ನಡುಮನೆಯ ದೀಪದ ಮುಂದೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಸಾಲಾಗಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಏರಿಸಿದ್ದರು. ಬೆಂಕಿಯ ನಾಲಿಗೆಯಂತೆ ಎಸಳು ಮೇಲೆತ್ತಿದ ಹೂವು. ಕೋವಿಯ ನಳಿಗೆಗೆ ಸಿಕ್ಕಿಸಿದರೆ ಹೆಸರು ಯಾಕೆ ಬಂತೆಂದು ಕೇಳಬೇಕಾಗಿಲ್ಲ. ಕಡಂಬುಟ್ಟು, ಪಂದಿಕರಿಯ ವಿಷಯ ಇಲ್ಲಿ ಬರೆಯಲು ಕೂತರೆ ಕತ್ತಿ ಹಿಂದೆ ಬೀಳುತ್ತದೆ.

ಊಟವಾದ ಮೇಲೆ ಜಗಲಿಯಲ್ಲಿ ಗೆಳೆಯನ ಅಜ್ಜಿ ನನ್ನ ಕತ್ತಿ ತರಿಸಿಕೊಂಡರು. ಎಂಬತ್ತು ದಾಟಿದ ಕೈ, ಆದರೂ ಹಿಡಿದ ರೀತಿಯಲ್ಲಿ ಅಳುಕಿರಲಿಲ್ಲ. ಬಲಮಗ್ಗುಲು ನೋಡಿದರು, ಎಡಕ್ಕೆ ತಿರುಗಿಸಿದರು, ಮತ್ತೆ ಬಲಕ್ಕೆ.

‘ಇಲ್ಲಿದ್ದದ್ದು ಎಲ್ಲಿ ಹೋಯಿತು?’

‘ತುಕ್ಕು ಇತ್ತು ಅಜ್ಜಿ, ತೆಗೆದೆ.’

‘ತುಕ್ಕು ಎಂತದು ಮಾರಾಯಾ, ಅದು ಬಾಳೆ ಕಲೆ!’

ಮೊಮ್ಮಗನನ್ನು ಕೂಗಿ ಮನೆಯ ಒಡಿಕತ್ತಿ ತರಿಸಿದರು. ಅದೇ ಜಾಗ, ಅದೇ ಅರ್ಧಚಂದ್ರ, ಅದೇ ಕಂದುಗಪ್ಪು. ಮದುವೆಯಲ್ಲಿ ನೆಟ್ಟ ಬಾಳೆ ಕಂಬಗಳನ್ನು ಒಂದೇ ಏಟಿಗೆ ತುಂಡರಿಸುವ ಬಾಳೆ ಬಿರುದಿನ ಶಾಸ್ತ್ರಕ್ಕೆ ಇಳಿಯುವ ಕತ್ತಿ ಇದೇ. ‘ಕಡಿದ ಮೇಲೆ ಒರೆಸಿ ಇಡುವುದಿಲ್ಲವೇ?’ ಎಂದು ಕೇಳಿದೆ. ‘ಯಾರು ಒರೆಸುತ್ತಾರೆ? ವಾಲಗ ಶುರುವಾದರೆ ಎಲ್ಲರೂ ಕುಣಿಯಲು ಓಡುತ್ತಾರೆ. ಮರುದಿನ ನೆನಪಾದರೆ ಪುಣ್ಯ’ ಎಂದರು.

ಅವರ ಮನೆಯ ತೊಡಂಗಿಗೆ ನನ್ನ ಕತ್ತಿಯನ್ನು ನಿಧಾನವಾಗಿ ಇಳಿಸಿದೆವು. ಹಿತ್ತಾಳೆಯ ಅಂಚು ಬಂದು ನಿಂತದ್ದು ಸರಿಯಾಗಿ ಆ ಅಡ್ಡಗೀರುಗಳ ಮೇಲೆ.

ಸೆಪ್ಟೆಂಬರ್ 7

ಒಪ್ಪಿಕೊಳ್ಳುವ ಮೊದಲು ನನ್ನ ಕೈಯಾರೆ ನೋಡಬೇಕಿತ್ತು. ಹಳೆಯ ಕಬ್ಬಿಣದ ಪಟ್ಟಿಯೊಂದನ್ನು ಉಜ್ಜಿ, ಹಿತ್ತಲಿನ ಬಾಳೆದಿಂಡಿಗೆ ಹೊಡೆದು, ಒರೆಸದೆ ಇಟ್ಟೆ. ಬೆಳಿಗ್ಗೆ ನೋಡಿದರೆ ಬಾಳೆಯ ರಸ ಸುರಿದಷ್ಟು ಜಾಗ ಕಂದಾಗಿತ್ತು, ನಾಲ್ಕನೆಯ ಸಲಕ್ಕೆ ಕಪ್ಪಿನತ್ತ ತಿರುಗಿತು. ಅಡಿಕೆ ಚೊಗರು ಕತ್ತಿಯನ್ನು ಕಪ್ಪಾಗಿಸುವುದೂ ಇದೇ ಕಾರಣಕ್ಕೆ, ಚೊಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಶಾಯಿಯಾಗುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ‘ನಮ್ಮ ಈಳಿಗೆಮಣೆ ನೋಡಿದ್ದರೆ ಸಾಕಾಗಿತ್ತಲ್ಲೋ, ಬಾಳೆಕಾಯಿ ಹೆಚ್ಚಿ ಹೆಚ್ಚಿ ಅದೂ ಹಾಗೆಯೇ ಇದೆ.’

ಸವೆಯದ ಬಾಯಿಗೂ ಈಗ ಕಾರಣ ಸಿಕ್ಕಿತು. ವರ್ಷಕ್ಕೆ ಕೆಲವು ಏಟು, ಅದೂ ನೀರುತುಂಬಿದ ದಿಂಡಿಗೆ. ತೋಟದಲ್ಲಿ ಗೊನೆ ಕಡಿಯಲು ಬಳಸಿರಬಹುದಲ್ಲವೇ ಎಂದು ಯಾರಾದರೂ ಕೇಳಿಯಾರು. ಹಾಗೆ ಬಳಸಿದ್ದರೆ ಕಲೆಯ ಜೊತೆಗೆ ಕಲ್ಲಿಗೆ ಹಿಡಿದ ಗುರುತೂ ಇರುತ್ತಿತ್ತು.

ಜೂನ್‌ನಲ್ಲಿ ಉಜ್ಜುವ ಮೊದಲು ಬಲಮಗ್ಗುಲಿನ ಫೋಟೋ ತೆಗೆದಿದ್ದೆನೇ ಎಂದು ಮೊಬೈಲೆಲ್ಲ ಜಾಲಾಡಿದೆ. ಎರಡಿವೆ. ಒಂದರಲ್ಲಿ ನನ್ನ ಹೆಬ್ಬೆರಳು ಅರ್ಧ ಅಲಗನ್ನು ಮುಚ್ಚಿದೆ. ಇನ್ನೊಂದು ಮಂಜುಮಂಜು, ಆದರೂ ಮೂರು ಅರ್ಧಚಂದ್ರಗಳನ್ನು ಎಣಿಸಬಹುದು. ಎಡಮಗ್ಗುಲಿನಲ್ಲಿ ಐದು, ಅವು ಹಾಗೇ ಇವೆ. ಕಚೇರಿಯ ಕೆಲಸಕ್ಕೆ ನಾನು ಋಣಿಯಾದದ್ದು ಇದೇ ಮೊದಲು.

ಅಕ್ಟೋಬರ್ 12

ಎಡಮಗ್ಗುಲಿಗೆ ತೆಳುವಾಗಿ ಮೇಣ ಹಚ್ಚಿದೆ, ಅಷ್ಟೇ. ಬಲಮಗ್ಗುಲಿಗೂ ಅದೇ.

ಗೆಳೆಯನ ತಂಗಿಯ ಮದುವೆ ಡಿಸೆಂಬರಿನಲ್ಲಿ. ‘ಆ ಕತ್ತಿಯನ್ನೂ ತಾ, ಉಜ್ಜಿದ ಕಡೆಗೆ ಮತ್ತೆ ಕಲೆ ಹಿಡಿಸೋಣ’ ಎಂದು ಅಜ್ಜಿ ಹೇಳಿ ಕಳಿಸಿದ್ದಾರೆ. ತಮಾಷೆಯೋ ನಿಜವೋ ಗೆಳೆಯನಿಗೂ ಗೊತ್ತಿಲ್ಲ. ಈಗಿರುವ ಹಿಡಿಯಲ್ಲಂತೂ ಆಗುವ ಮಾತಲ್ಲ, ಬೀಸಿದರೆ ಬಾಳೆಗಿಂತ ಮೊದಲು ಅಲಗು ಹಾರುತ್ತದೆ. ಎಪಾಕ್ಸಿ ಕೆರೆದು ತೆಗೆದು ಹಳೆಯ ರೀತಿಯಲ್ಲಿ ಅರಗು ಕಾಯಿಸಿ ತುಂಬಬೇಕು. ಅದಕ್ಕೆಂದು ಮೊನ್ನೆ ಚನ್ನಪಟ್ಟಣಕ್ಕೆ ಹೋಗಿದ್ದೆ. ಗೊಂಬೆಗೆ ಬಣ್ಣ ಏರಿಸುವವರ ಬಳಿ ಅರಗಿನ ಕಡ್ಡಿಗಳಿದ್ದವು: ಕೆಂಪು, ಹಳದಿ, ಗಿಳಿಹಸಿರು. ಬಣ್ಣ ಬೆರೆಸದ್ದು ಬೇಕೆಂದಾಗ ಯಾಕೆಂದು ಕೇಳಿದರು, ಹೇಳಿದೆ. ಮುಂದಿನ ಶನಿವಾರ ಕತ್ತಿಯನ್ನೇ ತನ್ನಿ, ನೋಡದೆ ಕೊಡುವುದಿಲ್ಲ ಎಂದಿದ್ದಾರೆ.