ಜುಲೈ 12, 2025, ಶನಿವಾರ: ಮಳೆಯೂ ಎಂಟಾಗುತ್ತದೆ

ಆಲ್ದೂರಿನಿಂದ ಚಿಕ್ಕಪ್ಪನ ಮಗ ಸುಮಂತ ಬಂದಿದ್ದ. ಮೆಟ್ಟಿಲ ಮೇಲೆ ಕೂತು ಕಾಲಿನ ಉಂಬಳ ಕಿತ್ತು, ಸುಣ್ಣ ಹಚ್ಚಿಕೊಂಡು, ಒಳಗೆ ಕಾಲಿಡುವ ಮೊದಲೇ ವಿಷಯ ಎತ್ತಿದ. "ಅಕ್ಕಾ, ಈ ಮಳೆಗಾಲ ಮುಗಿಯೋದ್ರೊಳಗೆ ಆಲ್ಬಂ ಮಾಡ್ತೀನಿ. ಒಬ್ನೇ. ನಮ್ಮ ಕಾಫಿ ಗೋದಾಮಲ್ಲಿ."

ಯಾರ ಗಾಳಿ ಬಡಿದಿದೆ ಅಂತ ಕೇಳಬೇಕಾಗಲಿಲ್ಲ. ಬಾನ್ ಇವೇರ್‌. ಈ ಹೆಸರಲ್ಲಿ ಹಾಡುವ ಅಮೆರಿಕದವನ ಮೊದಲ ಆಲ್ಬಂ 'ಫಾರ್ ಎಮ್ಮಾ, ಫಾರೆವರ್ ಅಗೋ'. ಒಂಬತ್ತು ಹಾಡು, ಸುಮಾರು 37 ನಿಮಿಷ. ಆ ಗಾಯಕ ಜಸ್ಟಿನ್ ವರ್ನನ್, ಬ್ಯಾಂಡು ಒಡೆದು, ಪ್ರೀತಿ ಮುರಿದು, ಜ್ವರ ಲಿವರ್‌ಗೆ ಇಳಿದು, 2006ರ ನವೆಂಬರ್ ಕೊನೆಗೆ ವಿಸ್ಕಾನ್ಸಿನ್‌ನಲ್ಲಿ ಅಪ್ಪನ ಬೇಟೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಚಳಿಗಾಲ ಕಳೆದ. ಬರುವಾಗ ಕೈಯಲ್ಲಿ ಆಲ್ಬಂ ಇತ್ತು. ಈ ಕತೆಯನ್ನು ಸುಮಂತ ಹರಿಕಥೆಯ ಹಾಗೆ ಒಪ್ಪಿಸಿದ. ಹೆಸರಿನ ಸಂಗತಿಯೂ ಅವನಿಗೆ ಗೊತ್ತು: ಫ್ರೆಂಚಿನಲ್ಲಿ 'ಬಾನ್ ಇವೇರ್‌' ಅಂದರೆ ಒಳ್ಳೆಯ ಚಳಿಗಾಲ, ಅದರ ಫ್ರೆಂಚ್ ಸ್ಪೆಲಿಂಗು 'hiver' ನೋಡಿದರೆ 'liver', ತನ್ನ ಕಾಯಿಲೆ ನೆನಪಾಗುತ್ತೆ ಅಂತ ಆತ 'ಎಚ್' ಅಕ್ಷರವನ್ನೇ ಕಿತ್ತುಹಾಕಿದ.

ಅವನು ಓದಿದ್ದೆಲ್ಲ ನಿಜ. ಆದರೆ ಓದಿದ್ದು ವಿಮರ್ಶೆಗಳನ್ನು. ವಿಮರ್ಶಕರಿಗೆ ಆ ಮನೆ ಸಿಕ್ಕಿದ್ದು ಹಬ್ಬ. 2007ರಲ್ಲಿ ಆತ ತಾನೇ 500 ಸಿಡಿ ಹಾಕಿಸಿದ. ಮೊದಲು ಎತ್ತಿ ಆಡಿಸಿದ್ದು ಬ್ಲಾಗಿನವರು. ಅಕ್ಟೋಬರ್‌ನಲ್ಲಿ ಪಿಚ್‌ಫೋರ್ಕ್ ಅನ್ನುವ ಸಂಗೀತ ವಿಮರ್ಶೆಯ ಜಾಲತಾಣ ಹತ್ತಕ್ಕೆ 8.1 ಕೊಟ್ಟಿತು. 2008ರ ಫೆಬ್ರವರಿಯಲ್ಲಿ ಜ್ಯಾಗ್‌ಜಾಗುವಾರ್ ಅನ್ನುವ ಸಣ್ಣ ಕಂಪನಿ ಮತ್ತೆ ಬಿಡುಗಡೆ ಮಾಡಿತು, ಮೇ ತಿಂಗಳಲ್ಲಿ ಯುರೋಪಿಗೆ 4ಎಡಿ ಅನ್ನುವ ಇನ್ನೊಂದು ಕಂಪನಿ. ಹತ್ತಾರು ಪತ್ರಿಕೆಗಳ ಅಂಕ ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 88. ಇಷ್ಟರಲ್ಲಿ ಬಂದ ಬರಹಗಳಲ್ಲಿ ಹಿಮ, ಸೌದೆ, ಒಂಟಿತನ, ಆತ ಹೊಡೆದು ತಿಂದ ಜಿಂಕೆ ಎಲ್ಲ ತುಂಬಿಕೊಂಡವು. ಮೈಕಿಗೆ ಅರ್ಧ ಸಾಲು. ಆ ಅರ್ಧ ಸಾಲಿನಲ್ಲೇ ಆಲ್ಬಂ ಇದೆ ಅಂತ ನನ್ನ ವಾದ.

"ಎಂಥ ಮೈಕು ತಗೊಂಡೆ?"

"ಕಂಡೆನ್ಸರ್. ಆನ್‌ಲೈನಲ್ಲಿ ಆಫರ್ ಇತ್ತು."

ಅಲ್ಲಿಗೆ ಒಂದು ಗಂಟೆ ಹೋಯಿತು.

ವರ್ನನ್ ಹಾಡಿದ್ದು ಶೂರ್ ಎಸ್‌ಎಂ57ಕ್ಕೆ. 1965ರಿಂದ ಇರುವ ಡೈನಾಮಿಕ್ ಮೈಕು. ನಮ್ಮ ಆರ್ಕೆಸ್ಟ್ರಾದವರು ತಬಲಾಕ್ಕೂ ಗಿಟಾರ್ ಆಂಪಿಗೂ ಇಡೋದು ಅದನ್ನೇ. ಕಿವುಡು ಮೈಕು ಅಂತ ಕೆಲವರು ಬೈಯುತ್ತಾರೆ. ಅದರ ಗುಣ ಇರೋದೇ ಅಲ್ಲಿ: ಬಾಯಿಂದ ನಾಲ್ಕು ಬೆರಳು ದೂರ ಇಟ್ಟು ಸ್ವಲ್ಪ ಓರೆಯಾಗಿ ಹಾಡಿದರೆ ದನಿಯಷ್ಟನ್ನೇ ಹಿಡಿಯುತ್ತದೆ, ಕೋಣೆಯನ್ನು ಹೆಚ್ಚು ಹಿಡಿಯುವುದಿಲ್ಲ. ಎರಡು ಬೆರಳಿಗೆ ತಂದರೆ ಮಂದ್ರ ಉಬ್ಬುತ್ತದೆ. ಕಂಡೆನ್ಸರ್ ಹಾಗಲ್ಲ, ಅಟ್ಟದ ಮೇಲಿನ ಇಲಿಯನ್ನೂ ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಜುಲೈ ತಿಂಗಳ ತೇವ. ಕಂಡೆನ್ಸರ್‌ನ ಒಳಗಿನ ತೆಳು ಪೊರೆಗೆ ಪಸೆ ಕೂತರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಿಟಪಟ ಶುರು. ಬಳಸದಾಗ ಸಿಲಿಕಾ ಜೆಲ್ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಇಲ್ಲವೇ ಅಮ್ಮಂದಿರು ರೇಷ್ಮೆ ಸೀರೆ ಕಾಪಾಡಲು ಬೀರುವಿನಲ್ಲಿ ಬಲ್ಬು ಉರಿಸುತ್ತಿದ್ದರಲ್ಲ, ಆ ಉಪಾಯ. ಎಲ್‌ಇಡಿ ಅಲ್ಲ, ಬಿಸಿಯಾಗುವ ಹಳೇ ಬಲ್ಬೇ ಆಗಬೇಕು.

57ರದ್ದೂ ಒಂದು ಕಷ್ಟವಿದೆ. ಅದು ಹೊರಡಿಸುವ ವೋಲ್ಟೇಜ್ ಬಹಳ ಕಡಿಮೆ. ಕಳ್ಳದನಿಯಲ್ಲಿ (ಫಾಲ್ಸೆಟ್ಟೊ) ಮೆಲ್ಲಗೆ ಹಾಡುವವನಿಗೆ 55ರಿಂದ 60 ಡೆಸಿಬಲ್ ಗೇನ್, ಅಂದರೆ ಹಿಗ್ಗಿಸುವಿಕೆ, ಬೇಕು. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಅಗ್ಗದ ಇಂಟರ್‌ಫೇಸ್ ಡಬ್ಬಿಗಳಲ್ಲಿ ಗುಂಡಿಯನ್ನು ಕೊನೆಯ ಕಾಲುಭಾಗಕ್ಕೆ ತಿರುಗಿಸಿದರೆ ದನಿಗಿಂತ 'ಸ್ಸ್‌' ಜೋರು. ಅದಕ್ಕೆ ಗುಂಡಿ ಮುಕ್ಕಾಲಿಗೆ ನಿಲ್ಲಿಸಬೇಕು, ಬಾಯಿ ಇನ್ನೊಂದು ಬೆರಳು ಹತ್ತಿರ ಬರಬೇಕು. 24 ಬಿಟ್ಟಿನಲ್ಲಿ ಹಿಡಿದರೆ ಜೋರಾದ ಜಾಗ ಮೈನಸ್ 12 ಡೆಸಿಬಲ್‌ಗೆ ನಿಂತರೂ ನಷ್ಟವಿಲ್ಲ. ಸದ್ದು ಮಿತಿ ಮೀರಿ ಕೆಂಪು ದೀಪ ಹತ್ತಿದ ಟೇಕನ್ನು, ಅಂದರೆ ಒಂದು ಸಲ ಹಾಡಿ ಹಿಡಿದದ್ದನ್ನು, ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ.

ಇಲ್ಲಿ ಕರೆಂಟು ಹೋಯಿತು. ಅದೂ ಪಾಠಕ್ಕೇ ಬಂತು. ಯುಪಿಎಸ್ ಶುರುವಾದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅಂತು. ಅರ್ತಿಂಗ್ ಸರಿಯಿಲ್ಲದ ತೋಟದ ಮನೆಗಳಲ್ಲಿ ಗಿಟಾರಿನ ಜೊತೆ 50 ಹರ್ಟ್ಸಿನ ಶ್ರುತಿಯೊಂದು ಬಿಟ್ಟಿ ಸಿಗುತ್ತದೆ, ಅದರ ಮರಿಗಳು 100, 150ರಲ್ಲಿ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿದರೆ ಬಹುಪಾಲು ಹೋಗುತ್ತದೆ. ಹಳೇ ಬ್ಯಾಟರಿಗೆ ಎರಡು ಗಂಟೆ ಬಾಳಿಕೆ ಇದ್ದರೆ ದಿನಕ್ಕೆ ಎರಡು ಗಂಟೆ ಆಲ್ಬಂ. ಅಷ್ಟೇ.

ಸುಮಂತನ ಮುಖ ಇಳಿಯಿತು. "ಅವನು ಇದೆಲ್ಲ ನೋಡ್ದೇ ಮಾಡಿದ್ನಲ್ಲ ಅಕ್ಕ."

ನೋಡದೆ ಅಲ್ಲ ಮಾರಾಯ. ಆತ ಅದಕ್ಕೂ ಮುಂಚೆ ವರ್ಷಗಟ್ಟಲೆ ಬ್ಯಾಂಡಿನಲ್ಲಿ ಇದ್ದವನು. ಮನೆಯಿಂದ ಹೊರಟಾಗಲೂ ಕೈಯಲ್ಲಿದ್ದದ್ದು ಡೆಮೊ ಅಂತಲೇ ಅವನ ಎಣಿಕೆ. ಇದನ್ನೇ ಹೊರಗೆ ಬಿಡು ಅಂದವರು ಗೆಳೆಯರು. ಶೀರ್ಷಿಕೆ ಹಾಡಿನ ಟ್ರಂಪೆಟ್, ಟ್ರಾಂಬೋನ್ ಆಮೇಲೆ ಬೇರೆಯವರು ಊದಿದ್ದು. ಒಬ್ಬನೇ ಮಾಡಿದ ಅಂತ ಬರೆಯುವ ಉತ್ಸಾಹದಲ್ಲಿ ಊದಿದವರ ಉಸಿರು ಎಷ್ಟೋ ಬರಹಗಳಲ್ಲಿ ಲೆಕ್ಕಕ್ಕೇ ಇಲ್ಲ.

ಪ್ರಶಸ್ತಿಯ ಲೆಕ್ಕವೂ ಸೊಟ್ಟ. ಗ್ರಾಮಿ ಬಂದಿದ್ದು 2012ರಲ್ಲಿ, ಎರಡನೇ ಆಲ್ಬಮ್ಮಿಗೆ. ಪರ್ಯಾಯ ಸಂಗೀತದ ಅತ್ಯುತ್ತಮ ಆಲ್ಬಂ ಅನ್ನುವುದರ ಜೊತೆ 'ಅತ್ಯುತ್ತಮ ಹೊಸ ಕಲಾವಿದ' ಅಂತಲೂ ಕೊಟ್ಟರು, ಮೊದಲ ಸಿಡಿ ಹೊರಬಂದ ಐದನೇ ವರ್ಷಕ್ಕೆ! ಆ ಎರಡನೇ ಆಲ್ಬಂ ತಯಾರಾದದ್ದು ಕಾಡಿನ ಮನೆಯಲ್ಲಲ್ಲ. ಹಳೇ ದನದಾಸ್ಪತ್ರೆಯೊಂದನ್ನು ಕೊಂಡು, ಅದಕ್ಕೆ ಅಂಟಿಕೊಂಡಿದ್ದ ಈಜುಕೊಳ ಮುಚ್ಚಿ ಅದರ ಮೇಲೆ ಕಟ್ಟಿದ ಸ್ಟುಡಿಯೋದಲ್ಲಿ. ದನದಾಸ್ಪತ್ರೆಯ ಬಗ್ಗೆ ಯಾರೂ ಕವಿತೆ ಬರೆಯಲಿಲ್ಲ.

ಮಧ್ಯಾಹ್ನ ಕಳಲೆ ಪಲ್ಯ. ಸುಮಂತ ಮೂರು ಸಲ ಹಾಕಿಸಿಕೊಂಡ, ದುಃಖಕ್ಕೂ ಹಸಿವಿಗೂ ಸಂಬಂಧವಿಲ್ಲ.

ಊಟದ ಮೇಲೆ ಗಿಟಾರ್ ತೆಗೆದ. ಅದೇ ಆಲ್ಬಮ್ಮಿನ 'ಸ್ಕಿನ್ನಿ ಲವ್' ನುಡಿಸಲು ಹೋಗಿ ನಾಲ್ಕನೇ ತಂತಿ ಕಿತ್ತುಕೊಂಡಿದ್ದಾನೆ, ಎರಡು ಸಲ. ಆ ಹಾಡಿನ ಶ್ರುತಿ ಸಿ ಜಿ ಇ ಜಿ ಸಿ ಸಿ. ಆರನೇ ತಂತಿ ಇ ಇಂದ ಸಿಗೆ ಇಳಿಯಬೇಕು, ಐದನೆಯದು ಎ ಇಂದ ಜಿಗೆ. ನಾಲ್ಕನೆಯದು ಮಾತ್ರ ಡಿ ಇಂದ ಇಗೆ ಏರಬೇಕು, ಒಂದು ಪೂರ್ತಿ ಸ್ವರ. ಮೂರನೆಯದು ಇದ್ದ ಹಾಗೇ, ಎರಡನೆಯದು ಅರ್ಧ ಸ್ವರ ಮೇಲೆ, ಒಂದನೆಯದು ಸಿಗೆ ಇಳಿಕೆ. ಎಳೆತವು ಕಂಪನ ಸಂಖ್ಯೆಯ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬದಲಾಗುವುದರಿಂದ ಒಂದು ಸ್ವರ ಏರಿಸಿದ ತಂತಿಯ ಮೇಲೆ ಸುಮಾರು 26 ಶೇಕಡ ಹೆಚ್ಚು ಎಳೆತ ಬೀಳುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೇ ಕಿಲುಬು ಹಿಡಿಯುವ ತಂತಿ ಅದನ್ನು ತಡೆಯುವುದಿಲ್ಲ. ಇನ್ನೊಂದು ತುದಿಯಲ್ಲಿ, ಸಿಗೆ ಇಳಿದ ಆರನೇ ತಂತಿಯ ಎಳೆತ 37 ಶೇಕಡ ಹೋಗುತ್ತದೆ. ಒಣಗು ಹಗ್ಗದ ಹಾಗೆ ಜೋತು ಫ್ರೆಟ್ಟಿಗೆ ಬಡಿದು ಝರ್ರ್‌ ಅನ್ನುತ್ತದೆ. ಆರನೆಯದಕ್ಕೆ ದಪ್ಪ ತಂತಿ, 0.056 ಇಂಚಿನದು. ನಾಲ್ಕನೆಯದಕ್ಕೆ ಒಂದು ಅಳತೆ ತೆಳು, ಅದೂ ಹೊಸದು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಇಡಬೇಕು.

ಪದರದ ವಿಷಯ ಬಂದಾಗ ಮಾತ್ರ ಹುಡುಗ ಕಿವಿಗೊಟ್ಟ. ಆ ಆಲ್ಬಮ್ಮಿನ ಜೀವ ಅದು: ಒಬ್ಬನೇ ಗಂಡಸು ಕಳ್ಳದನಿಯಲ್ಲಿ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿ ಒಂದರ ಮೇಲೊಂದು ಹೇರಿದ್ದು. ಕೇಳುವವರಿಗೆ ಭಜನೆ ಮಂಡಳಿ, ಒಳಗೆ ಒಬ್ಬನೇ. ಒಂದು ಟೇಕನ್ನೇ ನಕಲು ಮಾಡಿ ಎಂಟು ಸಲ ಇಟ್ಟರೆ ಅದು ಎಂಟು ದನಿ ಆಗುವುದಿಲ್ಲ, ಅದೇ ದನಿ ಜೋರಾಗುತ್ತದೆ ಅಷ್ಟೇ. ಪ್ರತಿ ಸಲ ಹೊಸದಾಗಿ ಹಾಡಬೇಕು, ಉಸಿರು ಮಾತ್ರ ಒಂದೇ ಜಾಗದಲ್ಲಿ ಎಳೆಯಬೇಕು. ಸ, ಶ, ಚ ಬಂದಲ್ಲಿ ಎಂಟೂ ಟೇಕು ಕೂದಲೆಳೆ ಹಿಂದೆ ಮುಂದೆ ಆದರೆ ಒಣ ತರಗೆಲೆ ತುಳಿದ ಹಾಗೆ ಕೇಳುತ್ತದೆ. ಅದಕ್ಕೆ ಒಂದು ಟೇಕಿನಲ್ಲಿ ಮಾತ್ರ 'ಸ' ನುಡಿಯಬೇಕು, ಉಳಿದ ಏಳರಲ್ಲಿ ನುಂಗಿ ಸ್ವರಾಕ್ಷರವನ್ನಷ್ಟೇ ಹಿಡಿಯಬೇಕು. ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ, ಈ ಕೆಲಸಕ್ಕೆ ಕನ್ನಡ ಹೇಳಿ ಮಾಡಿಸಿದ ಭಾಷೆ. ಹೆಡ್‌ಫೋನಿನಿಂದ ತಾಳದ ಟಿಕ್ ಟಿಕ್ ಸೋರಿದರೆ ಅದೂ ಎಂಟು ಸಲ ಸೋರುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನೇ ಬೇಕು.

ಸಾಹಿತ್ಯವನ್ನು ಆತ ಮೊದಲು ಬರೆಯಲಿಲ್ಲ. ಅರ್ಥವಿಲ್ಲದ ಉಲಿಗಳಲ್ಲಿ ರಾಗ ಹಾಡಿಟ್ಟು, ಅದನ್ನೇ ಮತ್ತೆ ಮತ್ತೆ ಕೇಳಿ, ಆ ಉಲಿಗಳಿಗೆ ಹೊಂದುವ ಮಾತು ಹುಡುಕಿದ. ವಿಮರ್ಶಕರು ಗೂಢ ಅಂದದ್ದು ಇದನ್ನೇ. ಗಾಂಧಿನಗರದಲ್ಲಿ ಡಮ್ಮಿ ಟ್ಯೂನಿಗೆ ಸಾಹಿತ್ಯ ಕೂರಿಸುವವರನ್ನು ಕೇಳಿದರೆ ಗೂಢವೇನಿಲ್ಲ, ದಿನಗೂಲಿ ಅಂದಾರು.

ಈಗ ಮಳೆ.

ಹೊಸ ಹಿಮ ಸದ್ದನ್ನು ಕುಡಿಯುತ್ತದೆ. ಅದರೊಳಗಿನ ಗಾಳಿಯ ಸಂದುಗಳು ಹತ್ತಿಯ ಹಾಗೆ ಕೆಲಸ ಮಾಡುತ್ತವೆ. ವಿಸ್ಕಾನ್ಸಿನ್‌ನ ಆ ಮನೆಗೆ ಚಳಿಗಾಲ ಕೊಟ್ಟದ್ದು ವಿರಹವೋ ಏನೋ, ಮೌನವನ್ನಂತೂ ಕೊಟ್ಟಿತು. ನಮ್ಮ ಆಷಾಢ ಕುಡಿಯುವುದಿಲ್ಲ, ಕಿರುಚುತ್ತದೆ. ಗೋದಾಮಿನ ತಗಡಿನ ಶೀಟಿನ ಕೆಳಗೆ ಪಕ್ಕದಲ್ಲಿದ್ದವನನ್ನು ಕೂಗಿ ಕರೆಯಬೇಕು. ಹೆಂಚಿನ ಕೆಳಗೆ ಪರವಾಗಿಲ್ಲ, ಆದರೂ ಸದ್ದು ಇದ್ದೇ ಇದೆ. ಒಂದು ಟೇಕಿನಲ್ಲಿ ಆ ಮಳೆ ಚೆಂದವೇ. ಒಂದು ದನಿ ಎಂಟಾಗುವ ಜಾಗದಲ್ಲಿ ಮಳೆಯೂ ಎಂಟಾಗುತ್ತದೆ: ಪಲ್ಲವಿ ಬಂದ ಹಾಗೆ ಮಳೆ ಉಬ್ಬಿ, ಚರಣಕ್ಕೆ ಇಳಿಯುತ್ತದೆ, ಯಾರೋ ಕಿಟಕಿ ತೆಗೆದು ಮುಚ್ಚಿದ ಹಾಗೆ. ನಡುವಿನ ಮೌನಗಳನ್ನು ಕತ್ತರಿಸಿ ಹಾಕಿದರೆ ಇನ್ನೂ ಕೆಟ್ಟದು, ಪ್ರತಿ ಸಾಲಿನ ಜೊತೆ ಮಳೆ ಬಂದು ಹೋಗುತ್ತದೆ. ಮಳೆ ಬೇಕಾದರೆ ಅದನ್ನು ಬೇರೆಯೇ ಹಿಡಿದು ಒಂದು ಟ್ರ್ಯಾಕ್ ಮಾಡಿ ಹಾಡಿನುದ್ದಕ್ಕೂ ಇಡಬೇಕು. ದನಿಯನ್ನು ಮಾತ್ರ ಮಳೆ ಬಿಟ್ಟಾಗ.

ಬಿಡುವುದು ಯಾವಾಗ? ಡಿಸೆಂಬರಿನಿಂದ ಫೆಬ್ರವರಿ ಕಾಫಿ ಹಣ್ಣು ಕೊಯ್ಲು, ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ರಾತ್ರಿ ತನಕ ಓಡುತ್ತದೆ. ಆಮೇಲೆ ಸ್ಪ್ರಿಂಕ್ಲರ್‌ನ ಡೀಸೆಲ್ ಎಂಜಿನ್ನು. ಏಪ್ರಿಲ್‌ನಲ್ಲಿ ಗುಡುಗು. ಮಳೆ ನಿಂತ ರಾತ್ರಿ ಕಪ್ಪೆ, ಕಪ್ಪೆ ನಿಂತರೆ ಜೀರುಂಡೆ. ರಾತ್ರಿ ಎರಡರಿಂದ ನಾಲ್ಕು ಅಂದೆ. "ಅಪ್ಪ ಗೋದಾಮಿನ ಬೀಗ ಕೊಡಲ್ಲ ಆ ಹೊತ್ತಲ್ಲಿ" ಅಂದ. ಚಿಕ್ಕಪ್ಪ ಹೊತ್ತಿಗಾಗಿ ತಕರಾರು ಮಾಡುವವರಲ್ಲ. ಮಾರದೆ ಇಟ್ಟ ರೊಬಸ್ಟಾ ಚೆರಿಯ (ಒಣಗಿಸಿದ ಕಾಫಿ ಹಣ್ಣು) ತೇವ ಶೇಕಡ 11ರ ಆಸುಪಾಸಿನಲ್ಲೇ ನಿಲ್ಲಬೇಕು. ಈ ತಿಂಗಳಲ್ಲಿ ಬಾಗಿಲು ತೆಗೆದು ಮುಚ್ಚಿ ಮಾಡಿದರೆ ಬೂಷ್ಟು ಗ್ಯಾರಂಟಿ. ಒದ್ದೆ ಕೊಡೆ ಹಿಡಿದು ಒಳಗೆ ಹೋಗುವ ಗಾಯಕನನ್ನು ಅವರು ಹೇಗೆ ನೋಡುತ್ತಾರೆ ಅಂತ ನನಗೆ ಗೊತ್ತು.

ಆದರೂ ಗೋದಾಮು ಕೆಟ್ಟ ಆಯ್ಕೆಯಲ್ಲ, ಅದನ್ನು ಹೇಳಲೇಬೇಕು. ಚೆರಿ ತುಂಬಿದ ಗೋಣಿ ಮೂಟೆ ಸದ್ದು ಹೀರುವುದರಲ್ಲಿ ಸ್ಟುಡಿಯೋದವರು ಗೋಡೆಗೆ ಅಂಟಿಸುವ ತೆಳು ಫೋಮಿಗಿಂತ ಮೇಲು. ಫೋಮು ಕೀಚು ಸದ್ದನ್ನಷ್ಟೇ ಹೀರುತ್ತದೆ, ಮೂಟೆಯ ದಪ್ಪ ಗಂಡುದನಿಯ ತಳವನ್ನೂ ಹೀರುತ್ತದೆ. ಮೂರು ಕಡೆ ಎದೆಯೆತ್ತರಕ್ಕೆ ಮೂಟೆ ಒಟ್ಟಿ, ಬೆನ್ನ ಹಿಂದೆ ಒಂದು ಕಂಬಳಿ, ತಲೆ ಮೇಲೆ ಇನ್ನೊಂದು. ಮೈಕು ಮೂಲೆಗೆ ಮುಖ ಮಾಡಿರಬಾರದು.

1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ, ಹಿಂದೆ ಸಿನಿಮಾ ಇಲ್ಲ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವವರೂ ಇರಲಿಲ್ಲ. ಕೈಯಿಂದ ಕೈಗೆ ಹೋಯಿತು, ಶಾಲೆಗಳಿಗೆ ಹೋಯಿತು. ಸುಮಂತನಿಗೆ ಇದನ್ನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಆಲ್ದೂರಿನ ಬಸ್ಸಿಗೆ ಹೊತ್ತಾಯಿತು.

ರಾತ್ರಿ ಹತ್ತೂವರೆಗೆ ವಾಟ್ಸಾಪಿನಲ್ಲಿ ಒಂದು ತುಣುಕು ಕಳಿಸಿದ, ಹದಿನಾಲ್ಕು ಸೆಕೆಂಡ್. ಫೋನಿನ ಮೈಕು, ಹೆಂಚಿನ ಮಳೆ, 'ಓ' ಮೇಲೆ ನಿಂತ ಮೂರು ಪದರ. ಎರಡನೆಯದು ಚೂರು ತಗ್ಗಿದೆ. ಮೂರನೆಯದು ಸರಿಯಾದ ಜಾಗದಲ್ಲೇ ಕೂತಿದೆ. ಬೀಗ ಸಿಕ್ಕಿತಂತೆ, ವಾರಕ್ಕೆ ಎರಡು ರಾತ್ರಿ.

ಗೋಣಿ ಮೂಟೆಯ ಮಾತಿನ ನಡುವೆ ಇಲಿಗಳದ್ದು ಹೇಳುವುದು ಮರೆತೇ ಹೋಯಿತು. ಮೈಕಿನ ಕೇಬಲ್ಲನ್ನು ರಾತ್ರಿ ನೆಲದ ಮೇಲೆ ಬಿಟ್ಟು ಬಂದರೆ ಇಲಿ ಕಡಿದು ಹಾಕುತ್ತದೆ.