ಜ್ಞಾನ ಅಂದ್ರೆ ಎಲ್ಲ ಕಡೆ ಒಂದೇ ಅಲ್ವಾ?

ನಾನು ಶಿವಮೊಗ್ಗದಲ್ಲಿ ಸಂಸ್ಕೃತ ಪಾಠ ಹೇಳುವವನು. ಹಾಗಾಗಿ ಮದುವೆ ಮನೆ ಪಂಕ್ತಿಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮೇಷ್ಟ್ರೇ, ಈ ಆಧ್ಯಾತ್ಮಿಕ ಜ್ಞಾನ ಅಂದ್ರೆ ಎಂತದು? ಯಾವ ಮತ ಆದ್ರೂ ಕೊನೆಗೆ ಹೇಳೋದು ಒಂದೇ ಅಲ್ವಾ?" ಹೌದು ಅನ್ನಿಸಿಕೊಳ್ಳಲಿಕ್ಕೇ ಕೇಳಿರುತ್ತಾರೆ. ನಾನು ಅಲ್ಲ ಅನ್ನುತ್ತೇನೆ.

ಓದಿದ್ದೆಲ್ಲ ಜ್ಞಾನ ಅಲ್ಲ ಅನ್ನುವುದಕ್ಕೆ ಹೆಚ್ಚುಕಮ್ಮಿ ಎಲ್ಲರೂ ತಲೆಯಾಡಿಸುತ್ತಾರೆ, ನಿಜ. ಛಾಂದೋಗ್ಯ ಉಪನಿಷತ್ತಿನಲ್ಲಿ ನಾರದ ತಾನು ಕಲಿತದ್ದನ್ನೆಲ್ಲ ಸನತ್ಕುಮಾರನ ಮುಂದೆ ಹೇಳಿಕೊಳ್ಳುತ್ತಾನೆ. ನಾಲ್ಕು ವೇದ, ಗಣಿತ, ತರ್ಕ, ನಕ್ಷತ್ರ ವಿದ್ಯೆ, ಹಾವಿನ ವಿದ್ಯೆ ಕೂಡ. ಇಷ್ಟಾದರೂ ಆತ್ಮ ಗೊತ್ತಿಲ್ಲ, ದುಃಖ ಹೋಗಿಲ್ಲ ಅನ್ನುತ್ತಾನೆ. ಮುಂಡಕ ಉಪನಿಷತ್ತಂತೂ ವೇದಗಳನ್ನೇ ಕೆಳಗಿನ ವಿದ್ಯೆಯ ಸಾಲಿಗೆ ಸೇರಿಸುತ್ತದೆ. ತಾನೂ ವೇದದ ಭಾಗವೇ! ಆ ಧೈರ್ಯ ನನಗೆ ಬಹಳ ಇಷ್ಟ.

ಆದರೆ ಜ್ಞಾನಕ್ಕೆ ಅಡ್ಡ ನಿಂತಿರುವುದು ಏನು ಅಂತ ಕೇಳಿ ನೋಡಿ. ಆಗ ದಾರಿ ಬೇರೆ ಬೇರೆ ಆಗುತ್ತದೆ.

ಶೃಂಗೇರಿ ಶಾರದಾ ಪೀಠ ಶಂಕರರ ಅದ್ವೈತದ್ದು, ಅಂದರೆ ಇರುವುದು ಒಂದೇ ಆತ್ಮ ಅನ್ನುವ ಮತ. ಅಲ್ಲಿ ಅಡ್ಡ ಇರುವುದು ತಪ್ಪು ತಿಳಿವಳಿಕೆ, ಅಷ್ಟೇ. ಮುಸ್ಸಂಜೆ ತೋಟದ ದಾರಿಯಲ್ಲಿ ಹಗ್ಗ ಕಂಡು ಹಾವು ಅಂತ ಹೌಹಾರಿದವನಿಗೆ ದೊಣ್ಣೆ ಬೇಡ, ಬ್ಯಾಟರಿ ಸಾಕು. ಪೂಜೆ, ಕರ್ಮ ಮನಸ್ಸನ್ನು ತಿಳಿ ಮಾಡಬಹುದು, ಮೋಕ್ಷ ಜ್ಞಾನದಿಂದಲೇ ಅಂತ ಶಂಕರರು ಪಟ್ಟು ಹಿಡಿದದ್ದು ಇದಕ್ಕೇ.

ರಿಪ್ಪನ್‌ಪೇಟೆ ದಾಟಿ ಹುಂಚಕ್ಕೆ ಬನ್ನಿ. ಪದ್ಮಾವತಿ ಅಮ್ಮನಿಗೆ ಹರಕೆ ಹೊತ್ತು ಹೋಗುವವರು ನಮ್ಮಲ್ಲಿ ಬಹಳ, ಜೈನರು ಜ್ಞಾನದ ಬಗ್ಗೆ ಏನನ್ನುತ್ತಾರೆ ಅಂತ ವಿಚಾರಿಸುವವರು ಕಡಿಮೆ. ತಿಳಿಯುವುದು ಜೀವದ ಸ್ವಭಾವ, ಅದನ್ನು ಮುಚ್ಚಿರುವುದು ಕರ್ಮ ಅನ್ನುತ್ತಾರೆ ಅವರು. ಕರ್ಮ ಅಂದರೆ ಸುಮ್ನೆ ಪಾಪಪುಣ್ಯದ ಲೆಕ್ಕ ಅಲ್ಲ, ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಅದನ್ನು ವ್ರತ, ತಪಸ್ಸಿನಿಂದ ಉದುರಿಸಬೇಕು. ಜ್ಞಾನ ಐದು ಬಗೆ: ಮತಿ (ಇಂದ್ರಿಯ, ಮನಸ್ಸಿನಿಂದ ಬರುವುದು), ಶ್ರುತ (ಕೇಳಿ, ಓದಿ ಬರುವುದು), ಅವಧಿ (ದೂರದ್ದನ್ನು ನೇರವಾಗಿ ಕಾಣುವುದು), ಮನಃಪರ್ಯಯ (ಇನ್ನೊಬ್ಬರ ಮನಸ್ಸು ತಿಳಿಯುವುದು), ಕೇವಲ (ಎಲ್ಲವನ್ನೂ ಪೂರ್ತಿ ತಿಳಿಯುವುದು). ಜೈನರ ಮುಖ್ಯ ಗ್ರಂಥ ತತ್ತ್ವಾರ್ಥ ಸೂತ್ರದ ಪ್ರಕಾರ ಕಣ್ಣಾರೆ ಕಂಡದ್ದೂ ಪರೋಕ್ಷವೇ, ಯಾಕೆಂದರೆ ನಡುವೆ ಇಂದ್ರಿಯ ಇದೆ. ಕೇವಲಜ್ಞಾನಕ್ಕೆ ಮೊದಲು ಉದುರಬೇಕಾದ್ದು ಮೋಹನೀಯ ಕರ್ಮ, ಅಂದರೆ ಮೋಹ ಹುಟ್ಟಿಸುವ ಕರ್ಮ. ಜ್ಞಾನವನ್ನು ಮುಚ್ಚುವ ಕರ್ಮದ ಸರದಿ ಆಮೇಲೆ. ಮತ್ತೆ, ಜೀವಗಳು ಅನಂತ, ಮುಕ್ತಿಯಲ್ಲೂ ಬೇರೆ ಬೇರೆಯೇ. ಶೃಂಗೇರಿ, ಹುಂಚ ಎರಡೂ ಹೇಳುವುದು ಒಂದೇ ಅಂದರೆ ಎರಡು ಕಡೆಯವರೂ ಒಪ್ಪುವುದಿಲ್ಲ.

ಶಿಕಾರಿಪುರ ಸೀಮೆಯ ಕಥೆ ಇನ್ನೂ ಸೊಗಸು. ಅಲ್ಲಮ ಬಳ್ಳಿಗಾವಿಯವನು, ಅಕ್ಕ ಉಡುತಡಿಯವಳು. ಮುಖಾಮುಖಿ ಆದದ್ದು ಮಾತ್ರ ದೂರದ ಕಲ್ಯಾಣದಲ್ಲಿ. ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆಯಲ್ಲಿ ಅಲ್ಲಮ ಅವಳಿಗೆ ಶಾಸ್ತ್ರದ ಪ್ರಶ್ನೆ ಕೇಳುವುದಿಲ್ಲ. ನಿನ್ನ ಗಂಡ ಯಾರು ಅನ್ನುತ್ತಾನೆ. ಬಟ್ಟೆ ಬಿಟ್ಟವಳು ಕೂದಲಲ್ಲಿ ಯಾಕೆ ಮೈ ಮುಚ್ಚಿಕೊಂಡೆ ಅನ್ನುತ್ತಾನೆ. ಹಣ್ಣು ಒಳಗೆ ಮಾಗದೆ ಸಿಪ್ಪೆ ಬಾಡುವುದಿಲ್ಲ, ನೋಡಿದರೆ ನಿಮಗೆ ನೋವಾದೀತು ಅಂತ ಮುಚ್ಚಿಕೊಂಡೆ ಅನ್ನುತ್ತಾಳೆ ಅಕ್ಕ. ಅಲ್ಲಮ ಅಷ್ಟಕ್ಕೇ ಬಿಡುವುದಿಲ್ಲ, ಕೆದಕುತ್ತಲೇ ಹೋಗುತ್ತಾನೆ. ಇಲ್ಲಿ ಅಡ್ಡ ಇರುವುದು ನುಡಿಗೂ ನಡೆಗೂ ನಡುವಿನ ಬಿರುಕು. ಬಾಯಿಪಾಠದವರಿಗೆ, ಅಂದರೆ ನನ್ನಂಥವರಿಗೆ, ಬಾಗಿಲಲ್ಲೇ ತಡೆ.

"ಹಾಗಾದ್ರೆ ಸರಿ ಯಾವುದು?" ಅನ್ನುತ್ತಾರೆ. ತರ್ಕದಲ್ಲಿ ನಾನು ಶೃಂಗೇರಿ ಕಡೆ. ಆದರೆ ಹಗ್ಗ ಅಂತ ಗೊತ್ತಾದ ಮೇಲೂ ಎದೆ ಹೊಡೆದುಕೊಳ್ಳುತ್ತಿರುತ್ತದಲ್ಲ, ಅದಕ್ಕೇನು? ಶೃಂಗೇರಿ ಪೀಠದಲ್ಲೇ ಇದ್ದ ವಿದ್ಯಾರಣ್ಯರು 14ನೇ ಶತಮಾನದಲ್ಲಿ ಇದನ್ನು ಕೈಗೆತ್ತಿಕೊಂಡರು. ತತ್ತ್ವಜ್ಞಾನದ ಜೊತೆಗೆ ವಾಸನೆಗಳು, ಅಂದರೆ ಮನಸ್ಸಿಗೆ ಅಂಟಿದ ಹಳೆಯ ಸಂಸ್ಕಾರಗಳು, ಸವೆಯಬೇಕು, ಮನಸ್ಸು ಅಡಗಬೇಕು, ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಕು ಅಂತ ಜೀವನ್ಮುಕ್ತಿವಿವೇಕದಲ್ಲಿ ಬರೆದರು. ಜಾಸ್ತಿ ಒತ್ತಾಯ ಮಾಡಿದವರಿಗೆ ಆ ಪುಸ್ತಕ ಕೊಟ್ಟು ಕಳಿಸುತ್ತೇನೆ. ಸಾಮಾನ್ಯವಾಗಿ ಪುಸ್ತಕವೂ ವಾಪಸ್ ಬರುವುದಿಲ್ಲ, ಕೇಳಿದವರೂ ಬರುವುದಿಲ್ಲ.